ಸುದ್ದಿ ಹತ್ತು ಕೆಬಿ, ಪುಟ ಎರಡು ಎಂಬಿ

2018ರ ಮೇ 25ರಂದು ಯುರೋಪಿನಲ್ಲಿ ಜಿಡಿಪಿಆರ್ ಎಂಬ ಖಾಸಗಿತನ ರಕ್ಷಣೆಯ ಕಾನೂನು ಜಾರಿಗೆ ಬಂತು. ಒಪ್ಪಿಗೆಯಿಲ್ಲದೆ ಓದುಗರ ಬೆನ್ನುಹತ್ತಿದರೆ ಭಾರೀ ದಂಡ. ಅಮೆರಿಕದ ಯುಎಸ್‌ಎ ಟುಡೇ ಪತ್ರಿಕೆ ಯುರೋಪಿನ ಓದುಗರಿಗೆಂದೇ ಟ್ರ್ಯಾಕರ್‌ಗಳನ್ನು ಕಿತ್ತುಹಾಕಿದ ಬೇರೊಂದು ಆವೃತ್ತಿಯನ್ನು ತಯಾರಿಸಿತು. ಕುತೂಹಲಕ್ಕೆ ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದಾಗ ಕಂಡದ್ದು ಇದು: ಮೂಲ ಪುಟ 5.2 ಎಂಬಿ, ಯುರೋಪಿನ ಪುಟ 0.5 ಎಂಬಿ. ಲೋಡ್ ಆಗಲು ಹಿಡಿಯುತ್ತಿದ್ದ ಸಮಯ 45 ಸೆಕೆಂಡಿನಿಂದ 3 ಸೆಕೆಂಡಿಗೆ ಇಳಿದಿತ್ತು. 124 ಇದ್ದ ಜಾವಾಸ್ಕ್ರಿಪ್ಟ್ (ಬ್ರೌಸರಿನೊಳಗೆ ಓಡುವ ಪ್ರೋಗ್ರಾಂ) ಕಡತಗಳು ಸೊನ್ನೆಯಾಗಿದ್ದವು. ಯಾವ ಎಂಜಿನಿಯರ್ ಕೂಡ ಹೊಸ ತಂತ್ರವನ್ನೇನೂ ಕಂಡುಹಿಡಿದಿರಲಿಲ್ಲ. ದಂಡಕ್ಕೆ ಹೆದರಿ ಪುಟ ಹಗುರಾಗಿತ್ತು, ಅಷ್ಟೇ.

ವೆಬ್‌ಸೈಟ್ ವೇಗದ ಬಗ್ಗೆ ಬರುವ ಸಲಹೆಗಳಲ್ಲಿ ಬಹುಪಾಲು ಏನನ್ನು ಸೇರಿಸಬೇಕು ಎನ್ನುವುದರ ಸುತ್ತಲೇ ಇರುತ್ತವೆ. ಈ ಪ್ಲಗಿನ್ ಹಾಕಿ, ಆ ಸೇವೆಗೆ ದುಡ್ಡು ಕಟ್ಟಿ, ಇನ್ನೂ ದೊಡ್ಡ ಸರ್ವರ್ ತೆಗೆದುಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ದಾರಿ. ನಿಧಾನವಾದ ಪುಟಗಳಲ್ಲಿ ಹೆಚ್ಚಿನವು ನಿಧಾನವಾಗಿರುವುದು ಯಾರೋ, ಯಾವಾಗಲೋ, ಯಾವುದೋ ಕಾರಣಕ್ಕೆ ಸೇರಿಸಿದ್ದನ್ನು ಆಮೇಲೆ ಯಾರೂ ತೆಗೆಯದೇ ಇದ್ದುದರಿಂದ.

ಕನ್ನಡ ತಾಣಗಳ ವಿಚಾರಕ್ಕೆ ಬಂದರೆ ಮೊದಲು ಒಂದು ನೆಪವನ್ನು ಬದಿಗೆ ಸರಿಸಬೇಕು. "ನಮ್ಮ ಲಿಪಿಯೇ ಭಾರ" ಎನ್ನುವವರಿದ್ದಾರೆ. ಅದು ಸುಳ್ಳೇನಲ್ಲ. ಯುಟಿಎಫ್-8 ಸಂಕೇತ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ; ಕಂಪ್ಯೂಟರಿಗೆ ಅದು ಸ, ವಿರಾಮ (ಸ್ವರವನ್ನು ಕಳೆಯುವ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರ ಹೀಗೆ ಆರು ಸಂಕೇತ, 18 ಬೈಟ್. ಆದರೂ ಲೆಕ್ಕ ಹಾಕಿ ನೋಡಿ. 400 ಪದಗಳ ಒಂದು ವರದಿ ಸುಮಾರು 10 ಕೆಬಿ ಆದೀತು. ಸರ್ವರ್ ಅದನ್ನು ಜಿಜಿಪ್ ಅಥವಾ ಬ್ರಾಟ್ಲಿ ವಿಧಾನದಲ್ಲಿ ಒತ್ತಿ ಕಳಿಸಿದರೆ ಸುಮಾರು ಮೂರರಲ್ಲೊಂದು ಭಾಗಕ್ಕೆ ಕುಗ್ಗುತ್ತದೆ. ಇನ್ನು ಜಗತ್ತಿನ ಲಕ್ಷಾಂತರ ತಾಣಗಳನ್ನು ನಿಯಮಿತವಾಗಿ ಅಳೆಯುವ ಎಚ್‌ಟಿಟಿಪಿ ಆರ್ಕೈವ್ ಯೋಜನೆಯ ಪ್ರಕಾರ 2024ರಲ್ಲಿ ಮೊಬೈಲ್ ಪುಟವೊಂದರ ಮಧ್ಯಾಂಕ ತೂಕ 2.3 ಎಂಬಿ ಆಸುಪಾಸು. ಹೀಗಿರುವಾಗ ಲಿಪಿಯ ತೂಕವನ್ನು ದೂರುವುದಕ್ಕೆ ಅರ್ಥವಿಲ್ಲ.

ಎರಡನೆಯ ನೆಪ ಸರ್ವರ್. ಸೈಬರ್ ಸೆಂಟರಿನಿಂದ ಗ್ರಾಮ ಒನ್ ಕೇಂದ್ರದವರೆಗೆ ಏನೇ ನಿಂತರೂ "ಸರ್ವರ್ ಬ್ಯುಸಿ" ಎಂಬ ಒಂದೇ ಉತ್ತರ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅದು ನಿಜವೂ ಹೌದು: ಲಕ್ಷಗಟ್ಟಲೆ ಮಕ್ಕಳು ಒಂದೇ ನಿಮಿಷದಲ್ಲಿ ಬಾಗಿಲು ತಟ್ಟಿದಾಗ ಪುಟ ಎಷ್ಟೇ ಹಗುರವಾಗಿದ್ದರೂ ತಡೆಯುವುದಿಲ್ಲ. ಅದು ಜನಜಂಗುಳಿಯ ಸಮಸ್ಯೆ, ಅದರ ಮದ್ದೇ ಬೇರೆ. ಆದರೆ ಮಾಮೂಲಿ ದಿನದ ನಿಧಾನಕ್ಕೆ ಸರ್ವರನ್ನು ದೂರಿ ಪ್ರಯೋಜನವಿಲ್ಲ. ಯಾಹೂ ಕಂಪನಿಯಲ್ಲಿ ಈ ಕೆಲಸ ಮಾಡುತ್ತಿದ್ದ ಸ್ಟೀವ್ ಸೌಡರ್ಸ್ 2007ರಲ್ಲೇ ಹೇಳಿದ್ದರು: ಬಳಕೆದಾರ ಕಾಯುವ ಸಮಯದಲ್ಲಿ ಶೇ. 80ರಿಂದ 90ರಷ್ಟು ಕಳೆಯುವುದು ಸರ್ವರ್ ಉತ್ತರ ಕೊಟ್ಟಾದ ಮೇಲೆ, ಬ್ರೌಸರಿನ ಕಡೆಯ ಕೆಲಸದಲ್ಲಿ. ಅಂದಿನಿಂದ ಬ್ರೌಸರಿನ ಮೇಲೆ ಹೇರುವ ಕೆಲಸ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಸರ್ವರ್ ಎಷ್ಟು ಗಟ್ಟಿ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿರುವ ಸರ್ವರಿಗೆ ಬೆಂಗಳೂರಿನಿಂದ ಹೋಗಿ ಬರಲು 200 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಮುಂಬೈಗಾದರೆ ಅದರ ಹತ್ತನೇ ಒಂದು ಭಾಗದ ಆಸುಪಾಸು ಸಾಕು. ಒಂದೇ ಸಲ ಹೋಗಿ ಬಂದರೆ ಮುಗಿಯಿತೇ? ಇಲ್ಲ. ವಿಳಾಸ ಹುಡುಕಲು ಒಮ್ಮೆ, ಸಂಪರ್ಕ ಕುದುರಿಸಲು ಒಮ್ಮೆ, ಗೂಢಲಿಪಿಯ ಒಪ್ಪಂದಕ್ಕೆ ಒಮ್ಮೆ, ಆಮೇಲೆ ಪುಟ ಕೇಳಲು ಒಮ್ಮೆ. ಮೊದಲ ಬೈಟ್ ಕೈಸೇರುವ ಹೊತ್ತಿಗೆ ಮುಕ್ಕಾಲು ಸೆಕೆಂಡು ಮುಗಿದಿರುತ್ತದೆ. 2018ರಲ್ಲಿ ಬಂದ ಟಿಎಲ್‌ಎಸ್ 1.3 ಮತ್ತು 2022ರಲ್ಲಿ ಅಧಿಕೃತವಾದ ಎಚ್‌ಟಿಟಿಪಿ/3 ಎಂಬ ಸಂಪರ್ಕ ಪದ್ಧತಿಗಳು ಈ ಓಡಾಟಗಳನ್ನು ಕಡಿಮೆ ಮಾಡುತ್ತವೆ. ಇವತ್ತು ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ ಸಿಡಿಎನ್ (ಪುಟದ ಪ್ರತಿಯನ್ನು ಓದುಗರ ಹತ್ತಿರವೇ ಇಟ್ಟು ಕೊಡುವ ಸೇವೆ) ಕಂಪನಿಗಳ ಕೇಂದ್ರಗಳಿವೆ, ಕೆಲವು ಉಚಿತವಾಗಿಯೂ ಸಿಗುತ್ತವೆ. ಓದುಗರೆಲ್ಲ ಹುಬ್ಬಳ್ಳಿ, ಮಂಗಳೂರು, ತುಮಕೂರಿನಲ್ಲಿರುವ ತಾಣವೊಂದು ಅಗ್ಗಕ್ಕೆ ಸಿಕ್ಕಿತೆಂದು ಅಮೆರಿಕದ ಹೋಸ್ಟಿಂಗ್ ತೆಗೆದುಕೊಂಡು, ಮುಂದೆ ಸಿಡಿಎನ್ ಕೂಡ ಇಡದೆ ನಡೆಯುತ್ತಿದ್ದರೆ ಅದು ಮೊದಲು ಸರಿಪಡಿಸಬೇಕಾದ ಸಂಗತಿ. ಅರ್ಧ ದಿನದ ಕೆಲಸ.

5ಜಿ ಬಂದ ಮೇಲೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 5ಜಿ ನಿಮ್ಮ ಫೋನಿನಿಂದ ಟವರಿನವರೆಗಿನ ದಾರಿಯನ್ನು ಅಗಲ ಮಾಡುತ್ತದೆ, ವರ್ಜೀನಿಯಾವನ್ನು ಹತ್ತಿರಕ್ಕೆ ತರುವುದಿಲ್ಲ. ಅದೂ ಅಲ್ಲದೆ ದತ್ತಾಂಶ ಸಾಗಿಸುವ ಟಿಸಿಪಿ ಸಂಪರ್ಕ ಶುರುವಿನಲ್ಲೇ ಪೂರ್ತಿ ವೇಗದಲ್ಲಿ ಸುರಿಯುವುದಿಲ್ಲ. ಮೊದಲ ಕಂತಿನಲ್ಲಿ 10 ಪ್ಯಾಕೆಟ್ (ದತ್ತಾಂಶದ ಸಣ್ಣ ಕಟ್ಟು), ಅಂದರೆ ಸುಮಾರು 14 ಕೆಬಿ. ಅದು ತಲುಪಿದ ಸುದ್ದಿ ಬಂದ ಮೇಲೆ ಅದರ ಇಮ್ಮಡಿ, ಆಮೇಲೆ ಅದರ ಇಮ್ಮಡಿ. ಒತ್ತಿ ಕಳಿಸಿದ ಕನ್ನಡ ವರದಿ ಆ ಮೊದಲ ಕಂತಿನಲ್ಲೇ ಸಲೀಸಾಗಿ ಹಿಡಿಸುತ್ತದೆ. ಎರಡು ಎಂಬಿಯ ಪುಟಕ್ಕೆ ಒಂದೇ ಸಂಪರ್ಕದಲ್ಲಿ, ಪ್ಯಾಕೆಟ್ ಒಂದೂ ಕಳೆದುಹೋಗದಿದ್ದರೂ, ಏಳೆಂಟು ಸುತ್ತು ಬೇಕು. ಮಲೆನಾಡಿನ ತಿರುವುಗಳಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಫೋನ್ ನೋಡುವವರಿಗೆ ಪ್ಯಾಕೆಟ್ ಕಳೆದುಹೋಗುವುದೇ ಮಾಮೂಲಿ.

ಇಷ್ಟಾದರೂ ಇದು ಸಾಗಣೆಯ ಮಾತು. ಬಂದದ್ದನ್ನು ಫೋನು ಅರಗಿಸಿಕೊಳ್ಳಬೇಕಲ್ಲ, ಕಷ್ಟ ಇರುವುದು ಅಲ್ಲಿ. 200 ಕೆಬಿಯ ಚಿತ್ರ ಮತ್ತು 200 ಕೆಬಿಯ ಜಾವಾಸ್ಕ್ರಿಪ್ಟ್ ದಾರಿಯಲ್ಲಿ ಒಂದೇ ತೂಕ. ಮನೆಗೆ ಬಂದ ಮೇಲೆ ಚಿತ್ರವನ್ನು ಬಿಡಿಸಿ ತೋರಿಸಿದರೆ ಮುಗಿಯಿತು, ಸ್ಕ್ರಿಪ್ಟನ್ನು ಮಾತ್ರ ಓದಿ, ಅರ್ಥಮಾಡಿಕೊಂಡು, ಓಡಿಸಬೇಕು. ಬ್ರೌಸರಿನಲ್ಲಿ ಈ ಕೆಲಸವೂ, ಪುಟ ಬಿಡಿಸುವ ಕೆಲಸವೂ, ನಿಮ್ಮ ಬೆರಳಿನ ಸ್ಪರ್ಶಕ್ಕೆ ಉತ್ತರ ಕೊಡುವ ಕೆಲಸವೂ ಬಹುಮಟ್ಟಿಗೆ ಒಂದೇ ಎಳೆಯ ಮೇಲೆ, ಒಂದು ಮುಗಿದ ಮೇಲೆ ಇನ್ನೊಂದರಂತೆ ನಡೆಯುತ್ತವೆ. ಆ ಎಳೆ ಯಾರ ಜಾಹೀರಾತು ತೋರಿಸಬೇಕೆಂಬ ಹರಾಜು ನಡೆಸುವುದರಲ್ಲಿ ಮುಳುಗಿದ್ದರೆ ನೀವು ಮೆನು ಒತ್ತಿದ್ದು ಅದಕ್ಕೆ ಕೇಳಿಸುವುದೇ ಇಲ್ಲ. ಎಂಟು ಹತ್ತು ಸಾವಿರದ ಫೋನಿನ ಪ್ರೊಸೆಸರ್ ದುಬಾರಿ ಫೋನಿನದಕ್ಕಿಂತ ಹಲವು ಪಟ್ಟು ನಿಧಾನ. ತಾಣ ಕಟ್ಟುವವರ ಕೈಯಲ್ಲಿ ಸಾಮಾನ್ಯವಾಗಿ ದುಬಾರಿ ಫೋನು ಇರುತ್ತದೆ, ಓದುವವರ ಕೈಯಲ್ಲಿ ಇನ್ನೊಂದು.

ಗೂಗಲ್ 2024ರ ಮಾರ್ಚ್ 12ರಂದು ತನ್ನ ಅಳತೆಗೋಲನ್ನು ಬದಲಿಸಿದ್ದು ಇದಕ್ಕಾಗಿಯೇ. 2020ರಲ್ಲಿ ಅದು ಕೋರ್ ವೆಬ್ ವೈಟಲ್ಸ್ ಎಂಬ ಮೂರು ಅಳತೆಗಳನ್ನು ಘೋಷಿಸಿತ್ತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವ ಎಲ್‌ಸಿಪಿ. ಓದುತ್ತಿದ್ದ ಸಾಲು ಜಾಹೀರಾತು ನುಗ್ಗಿದಾಗ ಕೆಳಗೆ ಜಿಗಿಯಬಾರದು ಎನ್ನುವ ಸಿಎಲ್‌ಎಸ್, ಜಿಗಿತದ ಅಂಕ 0.1 ಮೀರಬಾರದು; ಮೂರನೆಯದು ಸ್ಪರ್ಶಕ್ಕೆ ಸ್ಪಂದನೆ. ಮೊದಲಿದ್ದ ಎಫ್‌ಐಡಿ ಮೊದಲ ಸ್ಪರ್ಶ ಎಷ್ಟು ಹೊತ್ತು ಸರದಿಯಲ್ಲಿ ಕಾಯಿತು ಎಂಬುದನ್ನಷ್ಟೇ ಅಳೆಯುತ್ತಿತ್ತು. ಬಹುತೇಕ ಎಲ್ಲರೂ ಪಾಸಾಗುತ್ತಿದ್ದ ಪರೀಕ್ಷೆ ಅದು. ಈಗಿರುವ ಐಎನ್‌ಪಿ ಪುಟದಲ್ಲಿ ನೀವು ಇರುವಷ್ಟು ಹೊತ್ತಿನ ಎಲ್ಲ ಸ್ಪರ್ಶಗಳನ್ನೂ ಗಮನಿಸುತ್ತದೆ. 200 ಮಿಲಿಸೆಕೆಂಡಿನೊಳಗೆ ಪರದೆಯ ಮೇಲೆ ಉತ್ತರ ಕಾಣಬೇಕು, 500 ದಾಟಿದರೆ ಕಳಪೆ. ಹೀಗೆ ಬಿಗಿ ಮಾಡಿದ ಮೇಲೆ ಹಲವು ತಾಣಗಳ ಬಣ್ಣ ಬಯಲಾಯಿತು.

ಬೆಂಗಳೂರಿನ ರೆಡ್‌ಬಸ್ ಈ ಅಳತೆ ಅಧಿಕೃತವಾಗುವ ಮೊದಲೇ ಅದರ ಮೇಲೆ ಕೆಲಸ ಮಾಡಿತು. ಬಸ್ಸುಗಳ ಪಟ್ಟಿಯನ್ನು ಸ್ಕ್ರಾಲ್ ಮಾಡುವಾಗ ಹಿನ್ನೆಲೆಯಲ್ಲಿ ನಡೆಯುತ್ತಿದ್ದ ಕೆಲಸವನ್ನು ತಗ್ಗಿಸಿ ಐಎನ್‌ಪಿ ಸುಧಾರಿಸಿಕೊಂಡಿತು, ಮಾರಾಟ ಶೇ. 7ರಷ್ಟು ಏರಿತು ಎಂಬ ವರದಿ ಗೂಗಲ್‌ನ ಡೆವಲಪರ್ ತಾಣದಲ್ಲಿದೆ. ಎಕನಾಮಿಕ್ ಟೈಮ್ಸ್ ಜಾಹೀರಾತುಗಳಿಗೆ ಮೊದಲೇ ಜಾಗ ಕಾದಿರಿಸಿ, ಮುಖ್ಯ ಚಿತ್ರವನ್ನು ಮುಂದಕ್ಕೆ ತಂದು ಮೂರೂ ಅಳತೆಗಳಲ್ಲಿ ಪಾಸಾದಾಗ ಬಂದ ಕೂಡಲೇ ಹೊರಟುಹೋಗುವವರ ಪ್ರಮಾಣದಲ್ಲಿ ಶೇ. 43ರಷ್ಟು ಸುಧಾರಣೆಯಾಯಿತಂತೆ. ಇಂಥ ಯಶೋಗಾಥೆಗಳನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಸೋತವರ ವರದಿ ಯಾರೂ ಪ್ರಕಟಿಸುವುದಿಲ್ಲ. ವೇಗದ ಜೊತೆಗೆ ಆ ತಿಂಗಳು ಇನ್ನೇನು ಬದಲಾಗಿತ್ತೋ ಹೊರಗಿನವರಿಗೆ ಕಾಣುವುದಿಲ್ಲ. ವೇಗ ಹೆಚ್ಚಿಸಿಕೊಂಡರೆ ಗೂಗಲ್ ಹುಡುಕಾಟದಲ್ಲಿ ಮೇಲೇರುತ್ತೇವೆ ಎಂಬ ನಂಬಿಕೆಯೂ ಹಾಗೆಯೇ. ಮೊಬೈಲ್ ಹುಡುಕಾಟದಲ್ಲಿ ವೇಗವನ್ನು ಪರಿಗಣಿಸಲು 2018ರಲ್ಲಿ ಶುರುಮಾಡಿದಾಗ ತೀರಾ ನಿಧಾನವಾದ ಪುಟಗಳಿಗಷ್ಟೇ ಅದರ ಪೆಟ್ಟು ಎಂದು ಗೂಗಲ್ಲೇ ಹೇಳಿತ್ತು. ಎರಡು ಸೆಕೆಂಡನ್ನು ಒಂದೂವರೆ ಮಾಡಿ ಮೊದಲ ಸ್ಥಾನಕ್ಕೆ ಕಾಯುವುದು ವ್ಯರ್ಥ.

ಈಗ ನಮ್ಮದೇ ಆದ ಒಂದು ತೊಡಕಿಗೆ ಬರೋಣ: ಫಾಂಟ್. ಇಂಗ್ಲಿಷ್ ತಾಣಗಳಿಗೆ ಬರೆದ ಸಲಹೆಗಳು ಇಲ್ಲಿ ಅರ್ಧಕ್ಕೇ ನಿಲ್ಲುತ್ತವೆ. ಲ್ಯಾಟಿನ್ ಲಿಪಿಯ ಒಂದು ವೆಬ್ ಫಾಂಟ್ ಕಡತ 20 ಕೆಬಿಯಲ್ಲಿ ಮುಗಿಯಬಹುದು. ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರ, ಅವುಗಳ ಜೋಡಣೆ ಎಲ್ಲ ಸೇರಿ ನೂರಾರು ಆಕೃತಿಗಳು ಬೇಕು, ಅವು ಎಲ್ಲಿ ಹೇಗೆ ಕೂರಬೇಕೆಂಬ ನಿಯಮಗಳೂ ಬೇಕು. ಹಾಗಾಗಿ ಕಡತ ಹಲವು ಪಟ್ಟು ದೊಡ್ಡದು. ಅದರಲ್ಲಿ ಸಾದಾ, ಮಧ್ಯಮ, ದಪ್ಪ, ಅತಿ ದಪ್ಪ ಎಂದು ನಾಲ್ಕು ಕಡತ ಎಳೆದುಕೊಂಡರೆ ಸುದ್ದಿಗಿಂತ ಎಷ್ಟೋ ಪಾಲು ತೂಕ ಅಕ್ಷರದ ಉಡುಪಿಗೇ ಹೋಗುತ್ತದೆ. ಫಾಂಟ್ ಬರುವವರೆಗೆ ಬ್ರೌಸರ್ ಸುಮ್ಮನೆ ಕೂರುವುದೂ ಉಂಟು. ಬೇರೆ ಆದೇಶ ಇಲ್ಲದಿದ್ದರೆ ಸಾಮಾನ್ಯವಾಗಿ ಮೂರು ಸೆಕೆಂಡಿನವರೆಗೆ ಅಕ್ಷರಗಳನ್ನು ಮರೆಮಾಡಿ ಕಾಯುತ್ತದೆ. ಹತ್ತು ಕೆಬಿಯ ವರದಿ ಅಷ್ಟರಲ್ಲಿ ಬಂದು ಕೂತಿರುತ್ತದೆ, ಓದುಗನಿಗೆ ಮಾತ್ರ ಬಿಳಿ ಪರದೆ.

ಇದಕ್ಕೆ ಕೊಡುವ ಸುಲಭ ಪರಿಹಾರ ಫಾಂಟ್-ಡಿಸ್‌ಪ್ಲೇ ಸ್ವಾಪ್: ಫೋನಿನಲ್ಲಿರುವ ಫಾಂಟಿನಲ್ಲಿ ಮೊದಲು ತೋರಿಸಿ, ನಮ್ಮದು ಬಂದಮೇಲೆ ಬದಲಿಸುವುದು. ಕನ್ನಡದಲ್ಲಿ ಇದರ ಪರಿಣಾಮ ಹೆಚ್ಚು ಜೋರು. ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಒಂದು ಫಾಂಟಿಗೂ ಇನ್ನೊಂದಕ್ಕೂ ಎತ್ತರ, ಅಗಲ ಸಾಕಷ್ಟು ಬೇರೆ. ಬದಲಾದ ಕೂಡಲೇ ಮೂರು ಸಾಲಿನ ಶೀರ್ಷಿಕೆ ನಾಲ್ಕಾಗುತ್ತದೆ, ಇಡೀ ಪುಟ ಕೆಳಕ್ಕೆ ಜಾರುತ್ತದೆ. ಬದಲಿ ಫಾಂಟಿನ ಗಾತ್ರವನ್ನು ಹೊಂದಿಸುವ ಸೈಜ್-ಅಡ್ಜಸ್ಟ್ ಸೂಚನೆಯಿಂದ ಇದನ್ನು ಬಹುಮಟ್ಟಿಗೆ ತಡೆಯಬಹುದು, ಆದರೆ ಕಣ್ಣಳತೆಯಲ್ಲಿ ಕೂತು ಹೊಂದಿಸಬೇಕು. ಲ್ಯಾಟಿನ್‌ಗೆ ಸಿಗುವ ಸಿದ್ಧ ಸಂಖ್ಯೆಗಳು ನಮಗೆ ಹೊಂದುವುದಿಲ್ಲ. ಬಳಸದ ಅಕ್ಷರಗಳನ್ನು ಕತ್ತರಿಸಿ ಕಡತ ಕುಗ್ಗಿಸುವ ಸಬ್‌ಸೆಟ್ ವಿಧಾನವೂ ಇದೆ. ಇಲ್ಲಿ ಎಚ್ಚರ ಬೇಕು. ಒತ್ತಕ್ಷರಗಳಿಗೆ ಯುನಿಕೋಡ್‌ನಲ್ಲಿ ಸ್ವಂತ ಸಂಖ್ಯೆಯಿಲ್ಲ, ಫಾಂಟಿನೊಳಗಿನ ಜೋಡಣೆಯ ಪಟ್ಟಿಯೇ ಅವುಗಳ ಆಧಾರ. ಆ ಪಟ್ಟಿಯನ್ನು ಕಸವೆಂದು ಬಿಸಾಡುವ ಪರಿಕರದ ಕೈಗೆ ಫಾಂಟ್ ಕೊಟ್ಟರೆ ಕಡತ ಸಣ್ಣದಾಗುತ್ತದೆ, 'ಕ್ಷ'ವೂ 'ಸ್ತ್ರೀ'ಯೂ ಒಡೆದು ಬಿಡಿಬಿಡಿಯಾಗಿ ಕೂರುತ್ತವೆ. ಇಂಗ್ಲಿಷ್ ಮಾತ್ರ ಬಲ್ಲ ಪರೀಕ್ಷಕರಿಗೆ ಅದು ಗೊತ್ತೂ ಆಗುವುದಿಲ್ಲ.

ನನ್ನನ್ನು ಕೇಳಿದರೆ, ವರದಿಯ ಒಡಲಿಗೆ ವೆಬ್ ಫಾಂಟೇ ಬೇಡ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ನೋಟೊ ಕನ್ನಡ ಮೊದಲೇ ಇರುತ್ತದೆ. ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಿಂದ ತುಂಗಾ ಇತ್ತು, ಈಗ ನಿರ್ಮಲಾ ಇದೆ. ಆಪಲ್ ಸಾಧನಗಳಲ್ಲೂ ಕನ್ನಡ ಫಾಂಟ್ ಇದೆ. ಪತ್ರಿಕೆಯ ಗುರುತಾಗಿ ಶೀರ್ಷಿಕೆಗೊಂದು ಫಾಂಟ್ ಬೇಕೆಂದರೆ ಒಂದೇ ಕಡತ, ಸ್ವಂತ ಸರ್ವರಿನಿಂದ. ಗೂಗಲ್ ಫಾಂಟ್ಸ್‌ನಿಂದ ತಂದರೆ ಬೇರೆ ತಾಣದಲ್ಲಿ ಆಗಲೇ ಇಳಿದದ್ದು ನಮಗೂ ಸಿಗುತ್ತದೆ ಎಂಬ ಹಳೇ ಸಲಹೆ ಈಗಲೂ ಓಡಾಡುತ್ತಿದೆ. 2020ರಲ್ಲಿ ಕ್ರೋಮ್ ತನ್ನ ಸಂಗ್ರಹವನ್ನು ತಾಣವಾರು ವಿಂಗಡಿಸಿದ ಮೇಲೆ ಆ ಲಾಭ ಇಲ್ಲ. ಎಳೆಯ ವಿನ್ಯಾಸಕಾರರಿಗೆ ಈ ಮಾತು ರುಚಿಸದು, ಗೊತ್ತು.

ಚಿತ್ರಗಳ ಬಗ್ಗೆ ಎಲ್ಲರೂ ಬಲ್ಲದ್ದನ್ನೇ ಮತ್ತೆ ಹೇಳಬೇಕಿಲ್ಲ. 4000 ಪಿಕ್ಸೆಲ್ ಅಗಲದ ಫೋಟೊವನ್ನು 400 ಪಿಕ್ಸೆಲ್ ಜಾಗಕ್ಕೆ ಕಳಿಸಬೇಡಿ, ವೆಬ್‌ಪಿ ಅಥವಾ ಎವಿಐಎಫ್ ಎಂಬ ಹಗುರ ಚಿತ್ರರೂಪ ಬಳಸಿ, ಅಗಲ ಎತ್ತರ ಮೊದಲೇ ಬರೆದಿಡಿ. ಒಂದು ವಿಪರ್ಯಾಸ ಮಾತ್ರ ಹೇಳಲೇಬೇಕು. ಕೆಳಗಿನ ಚಿತ್ರಗಳನ್ನು ಓದುಗ ಅಲ್ಲಿಗೆ ಬಂದಾಗಲಷ್ಟೇ ತರುವ ಲೇಜಿ ಲೋಡಿಂಗ್ ಒಳ್ಳೆಯ ಉಪಾಯ. ಕೆಲವು ಪ್ಲಗಿನ್‌ಗಳು ಅದನ್ನು ಪುಟದ ಎಲ್ಲ ಚಿತ್ರಗಳಿಗೂ, ಮೇಲಿನ ಮುಖ್ಯ ಫೋಟೊಗೂ ಸೇರಿಸಿ ಹಚ್ಚಿಬಿಡುತ್ತವೆ. ಆಗ ಮೊದಲು ಬರಬೇಕಾದ್ದೇ ಕೊನೆಗೆ ಬರುತ್ತದೆ, ಎಲ್‌ಸಿಪಿ ಕೆಡುತ್ತದೆ. ವೇಗದ ಪ್ಲಗಿನ್ ಹಾಕಿ ತಾಣ ನಿಧಾನವಾಯಿತು ಎನ್ನುವ ದೂರುಗಳ ಹಿಂದೆ ಇದು ಆಗಾಗ ಇರುತ್ತದೆ.

ಅಳೆಯುವುದರಲ್ಲೂ ದಾರಿ ತಪ್ಪುವುದು ಸುಲಭ. ಲೈಟ್‌ಹೌಸ್ ಎಂಬ, ಪುಟದ ವೇಗಕ್ಕೆ ಅಂಕ ಕೊಡುವ ಗೂಗಲ್ ಉಪಕರಣದಲ್ಲಿ 100ಕ್ಕೆ 98 ಬಂತೆಂದು ಸ್ಕ್ರೀನ್‌ಶಾಟ್ ಹಂಚಿಕೊಳ್ಳುವವರಿದ್ದಾರೆ. ಅದು ಒಂದು ಯಂತ್ರದಲ್ಲಿ, ಒಂದು ಕೃತಕ ನೆಟ್‌ವರ್ಕಿನಲ್ಲಿ, ಒಂದು ಸಲ ನಡೆದ ಪರೀಕ್ಷೆ. ಏನು ಕೆಟ್ಟಿದೆ ಎಂದು ಹುಡುಕಲು ಚೆನ್ನ, ಓದುಗರ ಪಾಡು ತಿಳಿಯಲು ಸಾಲದು. ಗೂಗಲ್ ತನ್ನ ತೀರ್ಮಾನಕ್ಕೆ ಬಳಸುವುದು ನಿಜವಾದ ಕ್ರೋಮ್ ಬಳಕೆದಾರರ ಕಳೆದ 28 ದಿನಗಳ ಅನುಭವವನ್ನು. ನೂರು ಭೇಟಿಗಳಲ್ಲಿ 75 ಮಿತಿಯೊಳಗಿರಬೇಕು. ಆ ಅಂಕಿಗೂ ಒಂದು ಕುರುಡು ಮೂಲೆಯಿದೆ. ಕಾದು ಕಾದು ಪುಟ ಕಾಣುವ ಮೊದಲೇ ಹೊರಟವರು ಅದರಲ್ಲಿ ಸರಿಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ.

ಯೂಟ್ಯೂಬ್‌ನಲ್ಲಿ ಎಂಜಿನಿಯರ್ ಆಗಿದ್ದ ಕ್ರಿಸ್ ಜಕರಾಯಸ್ 2012ರಲ್ಲಿ ಬರೆದ ಅನುಭವ ಈ ಕುರುಡುತನಕ್ಕೆ ಅತ್ಯುತ್ತಮ ನಿದರ್ಶನ. ವಿಡಿಯೊ ಪುಟ 1.2 ಎಂಬಿ ತೂಗುತ್ತಿತ್ತು. ಅದನ್ನು ಹಟ ಹಿಡಿದು 100 ಕೆಬಿಗಿಂತ ಕೆಳಗಿಳಿಸಿ ಸ್ವಲ್ಪ ಜನರಿಗೆ ಬಿಟ್ಟು ನೋಡಿದರು. ಸರಾಸರಿ ಲೋಡ್ ಸಮಯ ಇಳಿಯುವ ಬದಲು ಏರಿತ್ತು! ತಲೆ ಕೆಡಿಸಿಕೊಂಡು ದೇಶವಾರು ವಿಂಗಡಿಸಿದಾಗ ಗುಟ್ಟು ಸಿಕ್ಕಿತು. ಆಗ್ನೇಯ ಏಷ್ಯಾ, ದಕ್ಷಿಣ ಅಮೆರಿಕ, ಆಫ್ರಿಕಾ, ಸೈಬೀರಿಯಾಗಳ ದೂರದ ಊರುಗಳಿಂದ ಜನ ಬರತೊಡಗಿದ್ದರು. ಹಳೆಯ ಪುಟ ಅವರಿಗೆ ತೆರೆಯಲು ಇಪ್ಪತ್ತು ನಿಮಿಷ ಹಿಡಿಯುತ್ತಿದ್ದುದರಿಂದ ಅವರು ಅಂಕಿಗಳಲ್ಲೇ ಇರಲಿಲ್ಲ. ಈಗ ಎರಡು ನಿಮಿಷ ಕಾದರೆ ವಿಡಿಯೊ ಕಾಣುತ್ತಿತ್ತು, ಕಾಯುತ್ತಿದ್ದರು. ನಮ್ಮ ಓದುಗರೆಲ್ಲ ಬೆಂಗಳೂರಿನವರೇ, ಒಳ್ಳೆಯ ಫೋನಿನವರೇ ಎಂದು ಅಂಕಿಅಂಶ ತೋರಿಸುವ ತಾಣಗಳು ಇದನ್ನೊಮ್ಮೆ ಯೋಚಿಸಬೇಕು. ಉಳಿದವರು ಬರಲಿಲ್ಲವೋ, ಬಂದು ಕಾದು ಹೋದರೋ?

ಇಷ್ಟೆಲ್ಲ ಗೊತ್ತಿದ್ದೂ ಸುದ್ದಿತಾಣಗಳು ಯಾಕೆ ಸುಧಾರಿಸುವುದಿಲ್ಲ? ಎಂಜಿನಿಯರ್‌ಗಳು ದಡ್ಡರೆಂದಲ್ಲ. ಹಗುರ ಮಾಡುವ ಅಧಿಕಾರ ಅವರ ಕೈಯಲ್ಲಿಲ್ಲ. ಟ್ಯಾಗ್ ಮ್ಯಾನೇಜರ್ ಎಂಬ ವ್ಯವಸ್ಥೆ ಬಂದ ಮೇಲೆ ಮಾರ್ಕೆಟಿಂಗಿನವರು ಡೆವಲಪರನ್ನು ಕೇಳದೆಯೇ ಹೊಸ ಸ್ಕ್ರಿಪ್ಟ್ ಸೇರಿಸಬಹುದು. ಜಾಹೀರಾತಿನ ಸ್ಕ್ರಿಪ್ಟ್ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಕೊನೆಗೆ ಯಾರು ಕರೆದವರು ಎಂದು ಯಾರಿಗೂ ನೆನಪಿರದ ಅತಿಥಿಗಳು ಪುಟದಲ್ಲಿ ಉಳಿದುಬಿಡುತ್ತಾರೆ. ಕನ್ನಡದ ಜಾಹೀರಾತಿಗೆ ಸಿಗುವ ದರ ಇಂಗ್ಲಿಷಿನದಕ್ಕಿಂತ ಕಡಿಮೆ ಎಂಬ ಕೊರಗು ಬೇರೆ ಇದೆ. ಆ ಕೊರತೆಯನ್ನು ಸಂಖ್ಯೆಯಿಂದ ತುಂಬಲು ಒಂದು ವರದಿಯ ನಡುವೆ ಆರೇಳು ಜಾಹೀರಾತು, ಮೇಲೊಂದು ತಾನೇ ಓಡುವ ವಿಡಿಯೊ, ನೋಟಿಫಿಕೇಶನ್ ಬೇಕೇ ಎಂದು ಕೇಳುವ ಪೆಟ್ಟಿಗೆ. ಸಂಬಳ ಬರಬೇಕಾದ್ದು ಅಲ್ಲಿಂದಲೇ, ಹಾಗಾಗಿ ಎಲ್ಲ ಕಿತ್ತುಹಾಕಿ ಎನ್ನುವ ಉಪದೇಶವನ್ನು ನಾನು ಮಾಡಲಾರೆ. ಎಷ್ಟು ತಂದುಕೊಡುತ್ತದೆ ಎಂದು ಯಾರೂ ಲೆಕ್ಕವಿಡದ ಸ್ಕ್ರಿಪ್ಟ್‌ಗಳ ಮಾತು ಬೇರೆ.

2015ರಲ್ಲಿ ಗೂಗಲ್ ಎಎಂಪಿ ಎಂಬ ಹಗುರ ಪುಟದ ಯೋಜನೆ ತಂದಾಗ ಪ್ರಕಾಶಕರು ನಡೆದುಕೊಂಡ ರೀತಿ ಇಲ್ಲಿ ನೆನಪಾಗುತ್ತದೆ. ಮೊಬೈಲ್ ಹುಡುಕಾಟದ ಮುಖ್ಯ ಸುದ್ದಿಗಳ ಸಾಲಿನಲ್ಲಿ ಜಾಗ ಸಿಗಬೇಕೆಂದರೆ ಎಎಂಪಿ ಬೇಕಿತ್ತು, ಆದ್ದರಿಂದ ಪ್ರತಿ ವರದಿಗೂ ಎರಡು ಪುಟ ತಯಾರಾದವು: ಗೂಗಲ್‌ಗೆ ತೋರಿಸಲು ಹಗುರದ್ದು, ನೇರವಾಗಿ ಬಂದ ನಿಷ್ಠಾವಂತ ಓದುಗರಿಗೆ ಮೊದಲಿನ ಭಾರದ್ದು. 2021ರಲ್ಲಿ ಆ ಷರತ್ತು ಹೋಯಿತು. ಅನೇಕರು ಎಎಂಪಿ ಪುಟವನ್ನು ಮುಚ್ಚಿದರು, ಭಾರದ ಪುಟ ಹಾಗೆಯೇ ಉಳಿಯಿತು. ಹಗುರ ಮಾಡಲು ಬರುತ್ತದೆ ಎಂದು ಐದು ವರ್ಷ ತೋರಿಸಿದವರೇ ಅವರು.

ಇನ್ನು, ಮಾಡಬಹುದಾದದ್ದು. ಕ್ರೋಮ್ ಬ್ರೌಸರಿನ ಡೆವಲಪರ್ ಪರಿಕರಗಳಲ್ಲಿ ನಿರ್ದಿಷ್ಟ ಡೊಮೇನ್‌ಗಳನ್ನು ತಡೆಹಿಡಿಯುವ ಸೌಲಭ್ಯವಿದೆ. ನಿಮ್ಮ ತಾಣದ ಒಂದು ವರದಿಯನ್ನು ತೆರೆದು, ನಿಮ್ಮದಲ್ಲದ ಡೊಮೇನ್‌ಗಳನ್ನೆಲ್ಲ ತಡೆದು ಮತ್ತೆ ಲೋಡ್ ಮಾಡಿ. ಎರಡರ ನಡುವಿನ ವ್ಯತ್ಯಾಸವೇ ಹೊರಗಿನವನ್ನು ತೆಗೆದು ಪಡೆಯಬಹುದಾದ ಗರಿಷ್ಠ ಲಾಭ. ಅದು ಸಣ್ಣದಾಗಿದ್ದರೆ ಸರ್ವರ್, ಫಾಂಟ್, ಚಿತ್ರಗಳ ಕಡೆ ನೋಡಿ, ದೊಡ್ಡದಾಗಿದ್ದರೆ ಒಂದೊಂದಾಗಿ ತಡೆ ತೆಗೆಯುತ್ತ ಯಾವುದು ಎಷ್ಟು ತಿನ್ನುತ್ತದೆ ಎಂದು ಬರೆದುಕೊಳ್ಳಿ. ಹಿಂದಕ್ಕೆ ಹೋಗುವ ಗುಂಡಿಯನ್ನೂ ಪರೀಕ್ಷಿಸಿ. ಓದುಗರು ವರದಿ ಓದಿ ಪಟ್ಟಿಗೆ ಮರಳುವುದು ದಿನಕ್ಕೆ ಎಷ್ಟೋ ಸಲ. ಬ್ರೌಸರ್ ಹಿಂದಿನ ಪುಟವನ್ನು ಇದ್ದಂತೆಯೇ ನೆನಪಿನಲ್ಲಿಟ್ಟು ಕ್ಷಣದಲ್ಲಿ ತೋರಿಸಬಲ್ಲದು, ಆದರೆ ಪುಟ ಮುಚ್ಚುವ ಗಳಿಗೆಯನ್ನು ಹಿಡಿಯಲು ಅನ್‌ಲೋಡ್ ಎಂಬ ಸೂಚನೆ ಬಳಸುವ ಹಳೆಯ ಟ್ರ್ಯಾಕರ್ ಒಂದಿದ್ದರೂ ಆ ಸೌಲಭ್ಯ ಕೈತಪ್ಪಬಹುದು. ಇದನ್ನು ಸರಿಪಡಿಸಲು ಬಿಡಿಗಾಸು ಖರ್ಚಿಲ್ಲ.

ವರ್ಡ್‌ಪ್ರೆಸ್‌ನಲ್ಲಿ ಒಬ್ಬರೇ ನಡೆಸುವ ತಾಣಕ್ಕೆ ಇಷ್ಟು ಸಾಕು. ಹತ್ತಾರು ಜನರ ಸುದ್ದಿಮನೆಗೆ ಒಂದು ತೂಕದ ಮಿತಿ ಬೇಕು: ವರದಿಯ ಪುಟ ಇಷ್ಟು ಕೆಬಿ ಮೀರಬಾರದು, ಸ್ಕ್ರಿಪ್ಟ್ ಇಷ್ಟಕ್ಕಿಂತ ಹೆಚ್ಚಿರಬಾರದು, ಹೊಸದು ಬಂದರೆ ಹಳೆಯದೊಂದು ಹೋಗಬೇಕು. ಮಿತಿ ಹಾಕಿಕೊಳ್ಳುವುದು ಸುಲಭ. ಅದನ್ನು ಮುರಿಯಲು ಯಾರ ಸಹಿ ಬೇಕು, ಮುರಿದದ್ದು ಎಷ್ಟು ದಿನಕ್ಕೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿಡಬೇಕು. ಮತ ಎಣಿಕೆಯ ದಿನಕ್ಕೆಂದು ತಂದ ಲೈವ್ ಅಂಕಿಗಳ ಪೆಟ್ಟಿಗೆ ಸರ್ಕಾರ ರಚನೆಯಾಗಿ ತಿಂಗಳುಗಳಾದರೂ ಪುಟದ ತುದಿಯಲ್ಲಿ ಕೂತೇ ಇರುತ್ತದೆ.